ಟಿವಿ ಮಾತಾಡುವ ಹೊತ್ತು: ಕಾಸರಗೋಡಿನ ಮನೆಮಾತಿಗೆ ಏನಾಯಿತು?

ಸಂಜೆ ಏಳರ ಮೇಲೆ ಕುಂಬಳೆಯಲ್ಲೋ ಬದಿಯಡ್ಕದಲ್ಲೋ ಯಾರ ಮನೆಗಾದರೂ ಹೋಗಿ ನೋಡಿ. ಬನ್ನಿ, ಕೂತ್ಕೊಳ್ಳಿ ಅನ್ನುತ್ತಾರೆ. ಚಾ ಬರುತ್ತದೆ. ಟಿವಿ ಮಾತ್ರ ನಿಲ್ಲುವುದಿಲ್ಲ, ಸೌಂಡ್ ಸ್ವಲ್ಪ ಕಡಿಮೆಯಾಗುತ್ತದೆ ಅಷ್ಟೆ. "ಎಂತ ವಿಶೇಷ?" ಎಂದು ಕೇಳಿದವರ ಕಣ್ಣು ಸೀರಿಯಲ್ ಮೇಲೇ ಇರುತ್ತದೆ. ನಿಜವಾದ ಮಾತು ಶುರುವಾಗುವುದು ಜಾಹೀರಾತು ಬಂದಾಗ. ನಿಯಮದ ಪ್ರಕಾರ ಚಾನೆಲ್‌ಗಳು ಗಂಟೆಗೆ 12 ನಿಮಿಷಕ್ಕಿಂತ ಜಾಸ್ತಿ ಜಾಹೀರಾತು ಹಾಕುವಂತಿಲ್ಲ. ನೆಂಟರಿಗೆ ಸಿಗುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು.

ಮಾತಿಗೆ ಬರ ಇದ್ದ ಊರಲ್ಲ ಇದು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಕೂತು ವಾದ ಮಾಡುವುದನ್ನೇ ರಾತ್ರಿಯಿಡೀ ಕೇಳುವ ತಾಳಮದ್ದಳೆಯ ನಾಡು. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ, ಅಂದರೆ ಪಾತ್ರವಾಗಿ ಆಡುವ ಮಾತು, ಕೇಳಲು ಮಳೆಯಲ್ಲಿ ಗುಡ್ಡ ಇಳಿದು ಬರುತ್ತಿದ್ದವರಿದ್ದರು. ಅಡಿಕೆ ಸುಲಿಯುವ ರಾತ್ರಿಗಳಲ್ಲಿ ಕೈ ಒಂದು ಕಡೆ, ಬಾಯಿ ಒಂದು ಕಡೆ. ಕಣ್ಣೂರು–ಕಾಸರಗೋಡು ಕಡೆಯ ಬೀಡಿ ಕೇಂದ್ರಗಳಲ್ಲಂತೂ ಒಬ್ಬರು ಪೇಪರ್ ಗಟ್ಟಿಯಾಗಿ ಓದುವುದು, ಉಳಿದವರು ಬೀಡಿ ಕಟ್ಟುತ್ತಾ ಕೇಳುವುದು, ಆಮೇಲೆ ಜಗಳವಾಡುವುದು ಒಂದು ಪದ್ಧತಿಯೇ ಆಗಿತ್ತು.

1976ರಲ್ಲಿ ಮಂಗಳೂರು ಆಕಾಶವಾಣಿ ಶುರುವಾಯಿತು. ರೇಡಿಯೋ ಈ ಮಾತಿಗೆ ಅಡ್ಡ ಬರಲಿಲ್ಲ. ಕಾರಣ ಸರಳ. ಅದು ಕಿವಿಯನ್ನು ಕೇಳುತ್ತದೆ, ಕಣ್ಣನ್ನು ಬಿಡುತ್ತದೆ. ಅಡಿಕೆ ಸುಲಿಯಬಹುದು, ನಡುವೆ ಒಂದು ಮಾತೂ ಹೇಳಬಹುದು.

ಟಿವಿ ನಿಧಾನವಾಗಿ ಬಂತು. 1959ರಲ್ಲಿ ದೆಹಲಿಯಲ್ಲಿ ಪ್ರಯೋಗಕ್ಕೆಂದು ಶುರುವಾದದ್ದು, ಬಣ್ಣ ಕಂಡದ್ದು 1982ರಲ್ಲಿ. ತಿರುವನಂತಪುರದಿಂದ ಮಲಯಾಳ ಪ್ರಸಾರ ಶುರುವಾದದ್ದು 1985ರಲ್ಲಿ, ಅಂದರೆ ಕಾಸರಗೋಡು ಜಿಲ್ಲೆಯಾದ ಮರುವರ್ಷ. 1987ರ ಜನವರಿಯಲ್ಲಿ ಭಾನುವಾರ ಬೆಳಗಿನ 'ರಾಮಾಯಣ' ಬಂದಾಗ ಟಿವಿ ಇದ್ದ ಮನೆಯ ಚಾವಡಿ ತುಂಬುತ್ತಿತ್ತು. ಹಿಂದಿ ಎಲ್ಲರಿಗೂ ಗೊತ್ತಿರಲಿಲ್ಲ, ಕತೆ ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ನೋಡುವುದರ ಜೊತೆಗೆ ವಿವರಿಸುವುದು, ತಪ್ಪು ಹಿಡಿಯುವುದು, ನಮ್ಮ ಯಕ್ಷಗಾನ ಪ್ರಸಂಗದಲ್ಲಿ ಹೀಗಿಲ್ಲವಲ್ಲ ಎನ್ನುವುದು ಎಲ್ಲ ನಡೆಯುತ್ತಿತ್ತು. ಆ ಕಾಲದ ಟಿವಿ ಮಾತನ್ನು ಕೊಂದಿತು ಅನ್ನುವುದು ಸುಳ್ಳು. ನೆರೆಯವರನ್ನು ಅದು ಒಂದು ಕಡೆ ಕೂರಿಸಿತು. ವಾರಕ್ಕೊಂದೇ ಕಂತು, ಆಮೇಲೆ ಅದರ ಬಗ್ಗೆ ಮಾತಾಡಲು ಆರು ದಿನ.

ಆ ಆರು ದಿನವನ್ನು ನುಂಗಿದ್ದು ಕೇಬಲ್. 1993ರಲ್ಲಿ ಏಷ್ಯಾನೆಟ್, 1994ರಲ್ಲಿ ಉದಯ, 2000ದಲ್ಲಿ ಈಟಿವಿ ಕನ್ನಡ. ವಾರದ ಕಂತು ದಿನದ ಕಂತಾಯಿತು. ಸಂಜೆಗೆ ಒಂದಲ್ಲ, ಸಾಲಾಗಿ ನಾಲ್ಕೈದು. ನಿನ್ನೆಯ ಕತೆ ಮಾತಾಡಿ ಮುಗಿಸುವ ಮೊದಲೇ ಇಂದಿನದು ಬಂತು. ಅಷ್ಟರಲ್ಲಿ ಪ್ರತಿ ಮನೆಗೂ ಟಿವಿ ಬಂದಿತ್ತು, ಪಕ್ಕದ ಮನೆಗೆ ಹೋಗುವ ನೆಪವೇ ಇಲ್ಲವಾಯಿತು. ನನ್ನ ಪ್ರಕಾರ ಮಾತು ಕಡಿಮೆಯಾದದ್ದು ಟಿವಿ ಬಂದಾಗ ಅಲ್ಲ, ಎಲ್ಲರ ಮನೆಯಲ್ಲೂ ಟಿವಿ ಆದಾಗ.

ಕೆನಡಾದಲ್ಲಿ ಒಂದು ಸಣ್ಣ ಊರಿತ್ತು. ಕಣಿವೆಯಲ್ಲಿದ್ದುದರಿಂದ ಅಲ್ಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. 1973ರಲ್ಲಿ ಟಿವಿ ಬರುವ ಮೊದಲು ಮತ್ತು ಎರಡು ವರ್ಷದ ನಂತರ ಟಾನಿಸ್ ಮ್ಯಾಕ್‌ಬೆತ್ ವಿಲಿಯಮ್ಸ್ ಮತ್ತು ಜೊತೆಗಾರರು ಆ ಊರನ್ನು ಅಧ್ಯಯನ ಮಾಡಿದರು. ಟಿವಿ ಬಂದ ಮೇಲೆ ಜನ ಊರಿನ ಕೂಟಗಳಿಗೆ ಹೋಗುವುದು ಕಡಿಮೆಯಾಗಿತ್ತು. ಗುಡ್ಡದ ಮರೆಯಲ್ಲಿ ಆಂಟೆನಾ ತಿರುಗಿಸಿ ತಿರುಗಿಸಿ ಸುಸ್ತಾದ ನಮ್ಮವರಿಗೆ ಆ ಊರು ಬೇಗ ಅರ್ಥವಾದೀತು.

ಇದನ್ನು ಚಟ ಅನ್ನಬಹುದಾ? ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಲ್ಲಿ ವಿಡಿಯೋ ಗೇಮಿಂಗ್‌ನ ತೊಂದರೆಗೆ ಜಾಗವಿದೆ, ಟಿವಿಗೆ ಪ್ರತ್ಯೇಕ ಜಾಗವಿಲ್ಲ. ಆದರೆ ಕಣ್ಣು ಅತ್ತ ಹೋಗುವುದು ಮಾತ್ರ ನಮ್ಮ ಬಲಹೀನತೆಯಲ್ಲ. ಏನಾದರೂ ತಟ್ಟನೆ ಅಲುಗಾಡಿದರೆ, ಹೊಸ ಸದ್ದು ಬಂದರೆ ಅತ್ತ ತಿರುಗುವುದು ದೇಹದ ಸ್ವಭಾವ. ರಷ್ಯಾದ ವಿಜ್ಞಾನಿ ಪಾವ್ಲೋವ್ ಇದನ್ನು 1927ರಲ್ಲೇ ಬರೆದಿದ್ದರು. ದೃಶ್ಯ ಬದಲಾಗುವುದು, ಮುಖ ಹತ್ತಿರ ಬರುವುದು, ಢಂ ಎಂಬ ಸಂಗೀತ ಎಲ್ಲ ಅದನ್ನೇ ಮತ್ತೆ ಮತ್ತೆ ಕೆಣಕುತ್ತವೆ. ಅತ್ತೆ ಬಾಗಿಲು ತೆರೆದದ್ದನ್ನು ಮೂರು ಸಲ ತೋರಿಸುವುದು ಸುಮ್ನೆ ಅಲ್ಲ.

ಎಲ್ಲರಿಗೂ ಒಂದೇ ಬುದ್ಧಿ ಹೇಳುವುದೂ ಕಷ್ಟ. ಮನೆಯಲ್ಲೇ ಕೂತು ಬೀಡಿ ಕಟ್ಟುವ ಹೆಂಗಸಿಗೆ ಟಿವಿ ಜೊತೆಗಾರ. ಪೇಪರ್ ಓದುವವರಿದ್ದ ಆ ಬೀಡಿ ಕೇಂದ್ರ ಅವಳಿಗೆ ಇಲ್ಲವಲ್ಲ.

ಹೆಚ್ಚು ಯೋಚಿಸಬೇಕಾದ್ದು ಮಕ್ಕಳ ಬಗ್ಗೆ. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎಳೆಯ ಮಕ್ಕಳ ಬಟ್ಟೆಗೆ ಪುಟ್ಟ ರೆಕಾರ್ಡರ್ ಸಿಕ್ಕಿಸಿ, ದಿನಕ್ಕೆ ಎಷ್ಟು ಮಾತು ಅವರ ಕಿವಿಗೆ ಬೀಳುತ್ತದೆ ಎಂದು ಎಣಿಸಿದರು. ಟಿವಿ ಸದ್ದು ಕೇಳುವ ಒಂದೊಂದು ಗಂಟೆಗೆ ದೊಡ್ಡವರ ಮಾತು ಸುಮಾರು 770 ಪದಗಳಷ್ಟು ಕಡಿಮೆ ಇತ್ತು. ಯಾರೂ ನೋಡದೆ ಸುಮ್ನೆ ಓಡುತ್ತಿರುವ ಟಿವಿಯೂ ಆ ಲೆಕ್ಕದಲ್ಲಿ ಸೇರುತ್ತದೆ.

ಬೆಂಗಳೂರಿನಲ್ಲಿ 770 ಪದ ಹೋದರೆ ಬೀದಿಯಲ್ಲಿ, ಶಾಲೆಯಲ್ಲಿ ಮತ್ತೆ ಸಿಗುತ್ತದೆ. 1956ರ ನವೆಂಬರ್ 1ರಿಂದ ಕೇರಳದಲ್ಲಿರುವ ಕನ್ನಡದ ಮನೆಯಲ್ಲಿ ಹಾಗಲ್ಲ. ಆಫೀಸಿನಲ್ಲಿ ಮಲಯಾಳ, ಬಸ್ಸಿನ ಬೋರ್ಡಿನಲ್ಲಿ ಮಲಯಾಳ. ಮಗುವನ್ನು ಮಲಯಾಳ ಅಥವಾ ಇಂಗ್ಲಿಷ್ ಮೀಡಿಯಂಗೆ ಹಾಕಿದ್ದರೆ ಶಾಲೆಯಲ್ಲೂ ಕನ್ನಡ ಇಲ್ಲ. ಮಗುವಿಗೆ ಕನ್ನಡ ಬರಬೇಕಾದ್ದು ಅಜ್ಜಿಯ ಬಾಯಿಯಿಂದ. ಆ ಅಜ್ಜಿ ಏಳರಿಂದ ಒಂಬತ್ತರವರೆಗೆ ಸೀರಿಯಲ್‌ನಲ್ಲಿರುತ್ತಾರೆ.

ಇದಕ್ಕೆ ಒಂದು ಉತ್ತರ ಯಾವಾಗಲೂ ಸಿದ್ಧ ಇರುತ್ತದೆ: ಕನ್ನಡ ಚಾನೆಲ್ ಹಾಕಿದರೆ ಮಗು ಕನ್ನಡ ಕಲಿಯುತ್ತದೆ, ಅಲ್ವಾ? 2019ರಲ್ಲಿ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಬದಲಿಸಿ, ಚಾನೆಲ್ ಆರಿಸಿ ದುಡ್ಡು ಕೊಡಿ ಎಂದಾಗಲೂ ಕನ್ನಡ ಬೇಕೆಂದವರು ಕೊಡುತ್ತಿದ್ದ ಕಾರಣ ಇದೇ. ಸ್ವಲ್ಪ ನಿಜವೂ ಹೌದು, ಆದರೆ ಶಾಲೆಗೆ ಹೋಗುವ ಮಗುವಿಗೆ. ತೀರಾ ಎಳೆಯ ಮಕ್ಕಳ ವಿಷಯ ಬೇರೆ. 2003ರಲ್ಲಿ ಪೆಟ್ರೀಷಿಯಾ ಕುಲ್ ಅವರ ತಂಡ ಒಂಬತ್ತು ತಿಂಗಳ ಅಮೆರಿಕನ್ ಕೂಸುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆಯನ್ನು ಕೇಳಿಸಿತು. ಎದುರು ಕೂತು ಆಡಿಸುತ್ತಾ ಮಾತಾಡಿದಾಗ ಕೂಸುಗಳು ಆ ಭಾಷೆಯ ಸದ್ದುಗಳನ್ನು ಗುರುತಿಸಿದವು. ಅದೇ ಮಾತನ್ನು ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ.

ಟಿವಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಹಾಗಾಗಿ ಸೀರಿಯಲ್‌ನ ಬೆಂಗಳೂರು ಕನ್ನಡ ಪೂರ್ತಿ ಅರ್ಥವಾಗುವ, ಆದರೆ ಅಜ್ಜಿ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವ ಮಕ್ಕಳು ನಮ್ಮಲ್ಲಿದ್ದಾರೆ. ಈಗ ಆ ಮಕ್ಕಳು ಟಿವಿಯನ್ನೂ ನೋಡುವುದಿಲ್ಲ, ಒಳಕೋಣೆಯಲ್ಲಿ ಮೊಬೈಲ್ ಹಿಡಿದಿರುತ್ತಾರೆ. ಚಾವಡಿಯಲ್ಲಿ ಸೀರಿಯಲ್ ನೋಡುತ್ತಿರುವ ಅಜ್ಜಿಗೆ ಜಾಹೀರಾತಿನ ಹೊತ್ತಿನಲ್ಲೂ ಮಾತಿಗೆ ಯಾರೂ ಇಲ್ಲ.