ತೆರೆಯ ಮೇಲಿನ ಪೊಲೀಸ್ ರಿವಾಲ್ವರ್: ಪರೀಕ್ಷಕನ ಕಣ್ಣಿಗೆ ಕಾಣುವುದು

ಹಳೆಯ ಅಮೆರಿಕನ್ ಪತ್ತೇದಾರಿ ಚಿತ್ರಗಳಲ್ಲಿ ಪೊಲೀಸರ ಕೈಯಲ್ಲಿ ಕಾಣುವ ರಿವಾಲ್ವರ್‌ಗಳು ಬಹುಮಟ್ಟಿಗೆ ಎರಡೇ ಕಾರ್ಖಾನೆಗಳಿಂದ ಬಂದವು. ಒಂದು ಹಾರ್ಟ್‌ಫರ್ಡ್‌ನ ಕೋಲ್ಟ್, ಇನ್ನೊಂದು ಸ್ಪ್ರಿಂಗ್‌ಫೀಲ್ಡ್‌ನ ಸ್ಮಿತ್ ಅಂಡ್ ವೆಸನ್. ಎರಡರ ಹೆಸರಾಂತ ಪೊಲೀಸ್ ಮಾದರಿಗಳೂ .38 ಸ್ಪೆಷಲ್ ಗುಂಡನ್ನೇ ಹಾರಿಸುವುದರಿಂದ ಮತ್ತು ಎರಡರ ಸಿಲಿಂಡರ್‌ನಲ್ಲೂ ಸಾಮಾನ್ಯವಾಗಿ ಆರೇ ಕೋಣೆಗಳಿರುವುದರಿಂದ, ಪ್ರೇಕ್ಷಕರಿಗೆ ಇವು ಒಂದೇ ಆಯುಧದಂತೆ ತೋರುತ್ತವೆ. ಬಂದೂಕು ಪರೀಕ್ಷೆಯನ್ನೇ ವೃತ್ತಿಯಾಗಿಸಿಕೊಂಡ ನಮಗೆ ಹಾಗೆ ತೋರುವುದಿಲ್ಲ. ಕೋಲ್ಟ್ ನಳಿಕೆಯ ಒಳಮೈಯಲ್ಲಿ ಆರು ತೋಡುಗಳು ಎಡಕ್ಕೆ ಸುತ್ತಿಕೊಂಡಿರುತ್ತವೆ. ಸ್ಮಿತ್ ಅಂಡ್ ವೆಸನ್‌ನಲ್ಲಿ ಐದು ತೋಡುಗಳು ಬಲಕ್ಕೆ ಸುತ್ತಿಕೊಂಡಿರುತ್ತವೆ. ದೇಹದಿಂದಲೋ ಗೋಡೆಯಿಂದಲೋ ತೆಗೆದ ಗುಂಡಿನ ಮೈಮೇಲೆ ಈ ಗುರುತು ಉಳಿದಿರುವುದರಿಂದ, ಆಯುಧ ಕೈಗೆ ಸಿಗುವ ಮೊದಲೇ ಅದು ಯಾವ ಬಗೆಯದೆಂದು ತನಿಖಾಧಿಕಾರಿಗೆ ಒಂದು ದಿಕ್ಕು ತೋರಿಸಲು ಸಾಧ್ಯವಾಗುತ್ತದೆ.

ತೆರೆಯ ಮೇಲೆ ತೋಡುಗಳು ಕಾಣಿಸುವುದಿಲ್ಲವಾದರೂ ಹೊರಗಿನ ಗುರುತುಗಳು ಸಾಕಷ್ಟಿವೆ. ಸಿಲಿಂಡರ್ ಬಿಡಿಸುವ ಗುಂಡಿಯನ್ನು ಕೋಲ್ಟ್‌ನಲ್ಲಿ ಹಿಂದಕ್ಕೆ ಎಳೆಯಬೇಕು, ಸ್ಮಿತ್ ಅಂಡ್ ವೆಸನ್‌ನಲ್ಲಿ ಮುಂದಕ್ಕೆ ಒತ್ತಬೇಕು. ಖಾಲಿ ತೋಟಾಗಳನ್ನು ಹೊರದೂಡುವ ಕಡ್ಡಿ ನಳಿಕೆಯ ಕೆಳಗೆ ಯಾವ ಆಸರೆಯೂ ಇಲ್ಲದೆ ಬಿಡಿಯಾಗಿ ನಿಂತಿದ್ದರೆ ಅದು ಹಳೆಯ ಕೋಲ್ಟ್ ಎಂದು ಧಾರಾಳವಾಗಿ ಊಹಿಸಬಹುದು. 1899ರಲ್ಲಿ ‘ಮಿಲಿಟರಿ ಅಂಡ್ ಪೊಲೀಸ್’ ಎಂಬ ಹೆಸರಿನಿಂದ ಬಂದು, 1957ರ ನಂತರ ‘ಮಾಡೆಲ್ 10’ ಎನಿಸಿಕೊಂಡ ಸ್ಮಿತ್ ಅಂಡ್ ವೆಸನ್‌ನಲ್ಲಿ 1902ರಿಂದ ಆ ಕಡ್ಡಿಯ ತುದಿ ನಳಿಕೆಯಡಿಯ ಒಂದು ಗೂಟಕ್ಕೆ ಸಿಕ್ಕಿಕೊಂಡಿರುತ್ತದೆ.

ಈ ಇಡೀ ವಂಶದಲ್ಲಿ ನನಗೆ ಅತ್ಯಂತ ಅಚ್ಚುಕಟ್ಟಾಗಿ ಕಾಣುವುದು ಕೋಲ್ಟ್ 1927ರಲ್ಲಿ ತಂದ ‘ಡಿಟೆಕ್ಟಿವ್ ಸ್ಪೆಷಲ್’. ಸಮವಸ್ತ್ರವಿಲ್ಲದ ಪೊಲೀಸರು ಕೋಟಿನೊಳಗೆ ಅಡಗಿಸಿಕೊಳ್ಳಲೆಂದು ಎರಡು ಅಂಗುಲದ ನಳಿಕೆ ಇಟ್ಟರೂ ಕೋಲ್ಟ್ ಸಂಸ್ಥೆ ಗುಂಡುಗಳ ಸಂಖ್ಯೆಯನ್ನು ಆರಕ್ಕಿಂತ ಇಳಿಸಲಿಲ್ಲ. 1950ರಲ್ಲಿ ಅದಕ್ಕೆ ಪೈಪೋಟಿಯಾಗಿ ಬಂದ ಸ್ಮಿತ್ ಅಂಡ್ ವೆಸನ್‌ನ ‘ಚೀಫ್ಸ್ ಸ್ಪೆಷಲ್’ಗೆ ಐದೇ ಕೋಣೆಗಳು. 1971ರ ‘ದಿ ಫ್ರೆಂಚ್ ಕನೆಕ್ಷನ್’ ಚಿತ್ರದಲ್ಲಿ ಜೀನ್ ಹ್ಯಾಕ್‌ಮನ್ ಹಿಡಿದಿರುವುದು ಈ ಡಿಟೆಕ್ಟಿವ್ ಸ್ಪೆಷಲ್ ಅನ್ನೇ. ಆ ಕಾಲದ ನ್ಯೂಯಾರ್ಕ್ ಪತ್ತೇದಾರನ ಸೊಂಟದಲ್ಲಿ ಸಹಜವಾಗಿ ಇರಬಹುದಾಗಿದ್ದ ಆಯುಧ ಅದು. 1970ರ ದಶಕದ ಆರಂಭದಲ್ಲಿ ಕೋಲ್ಟ್ ಈ ಮಾದರಿಯನ್ನು ತಿದ್ದಿ ಹೊರದೂಡುವ ಕಡ್ಡಿಗೆ ಲೋಹದ ಹೊದಿಕೆ ಕೊಟ್ಟಿತು. ಹೀಗಾಗಿ 1940 ಅಥವಾ 50ರ ದಶಕದ ಕಥೆಯಲ್ಲಿ ಹೊದಿಕೆಯಿರುವ ಡಿಟೆಕ್ಟಿವ್ ಸ್ಪೆಷಲ್ ಕಂಡರೆ, ಕಾರು ಮತ್ತು ಉಡುಪುಗಳ ಬಗ್ಗೆ ವಹಿಸಿದ ಎಚ್ಚರವನ್ನು ಚಿತ್ರತಂಡ ಆಯುಧದ ಬಗ್ಗೆ ವಹಿಸಿಲ್ಲವೆಂದೇ ಅರ್ಥ.

ಅದೇ 1971ರಲ್ಲಿ ಬಂದ ‘ಡರ್ಟಿ ಹ್ಯಾರಿ’ ಇದಕ್ಕೆ ತದ್ವಿರುದ್ಧ. ಕ್ಲಿಂಟ್ ಈಸ್ಟ್‌ವುಡ್ ಹಿಡಿದ .44 ಮ್ಯಾಗ್ನಂ ಗುಂಡಿನ ಸ್ಮಿತ್ ಅಂಡ್ ವೆಸನ್ ‘ಮಾಡೆಲ್ 29’ ಗಸ್ತಿನ ಪೊಲೀಸರಿಗೆಂದು ಮಾಡಿದ್ದಲ್ಲ. ಅದರ ಭಾರ ಮತ್ತು ಹಿನ್ನೂಕು ದಿನನಿತ್ಯದ ಕರ್ತವ್ಯಕ್ಕೆ ಒಗ್ಗುವಂಥವಲ್ಲ. ಆದರೂ ಆರು ಗುಂಡು ಹಾರಿತೋ ಐದೋ ಎಂಬ ಅನುಮಾನದ ಮೇಲೆ ನಿಂತ ಆ ಚಿತ್ರದ ಹೆಸರಾಂತ ಸನ್ನಿವೇಶ ರಿವಾಲ್ವರಿನ ಸ್ವಭಾವಕ್ಕೆ ನಿಷ್ಠವಾಗಿದೆ ಎಂಬುದನ್ನು ಒಪ್ಪಲೇಬೇಕು. ಹಾರಿಸಿದ ತೋಟಾ ಸಿಲಿಂಡರ್‌ನಲ್ಲೇ ಉಳಿಯುವುದರಿಂದ ಹೊರಗಿನಿಂದ ನೋಡುವವನಿಗೆ ಲೆಕ್ಕ ಸುಲಭವಾಗಿ ಸಿಗುವುದಿಲ್ಲ.

ಈ ಸರಳ ಸಂಗತಿಯನ್ನು ಮರೆಯುವ ಚಿತ್ರಗಳೇ ಹೆಚ್ಚು. ರಿವಾಲ್ವರ್‌ನಿಂದ ಕೊಲೆಯಾದ ಸ್ಥಳದಲ್ಲಿ ಪತ್ತೇದಾರ ನೆಲದಿಂದ ಖಾಲಿ ತೋಟಾ ಹೆಕ್ಕುತ್ತಾನೆ. ಹಂತಕ ಅಲ್ಲೇ ನಿಂತು ಸಿಲಿಂಡರ್ ಬರಿದುಮಾಡದಿದ್ದರೆ ಅಲ್ಲಿ ತೋಟಾ ಇರಲು ಕಾರಣವೇ ಇಲ್ಲ. ಸೈಲೆನ್ಸರ್ ಜೋಡಿಸಿದ ರಿವಾಲ್ವರ್ ಇದಕ್ಕಿಂತ ದೊಡ್ಡ ತಪ್ಪು. ಸಿಲಿಂಡರ್ ತಿರುಗಬೇಕಾದರೆ ಅದಕ್ಕೂ ನಳಿಕೆಗೂ ನಡುವೆ ಕೂದಲೆಳೆಯಷ್ಟು ಸಂದು ಇರಲೇಬೇಕು. ಗುಂಡು ಹಾರುವಾಗ ಬಿಸಿ ಅನಿಲ ಆ ಸಂದಿನಿಂದ ಎರಡೂ ಪಕ್ಕಕ್ಕೆ ನುಗ್ಗುತ್ತದೆ, ಸದ್ದೂ ಅಲ್ಲಿಂದಲೇ ಹೊರಬೀಳುತ್ತದೆ. ಸಿಲಿಂಡರ್ ಮುಂದೆ ಸರಿದು ಸಂದನ್ನು ಮುಚ್ಚುವ ರಷ್ಯಾದ ನಗಾಂತ್ ರಿವಾಲ್ವರ್ ಇದಕ್ಕೆ ಅಪವಾದ. ಸಂದಿನಿಂದ ಹೊರಬಿದ್ದ ಮಸಿ ಹಾರಿಸಿದವನ ಕೈಮೇಲೋ ಹತ್ತಿರದ ಬಟ್ಟೆಯ ಮೇಲೋ ಕೂರುತ್ತದೆ. ನಮ್ಮ ಕೆಲಸದಲ್ಲಿ ಅದೂ ಒಂದು ಸಾಕ್ಷ್ಯ.

ನನ್ನನ್ನು ನಿಜಕ್ಕೂ ನೋಯಿಸುವ ದೃಶ್ಯವೆಂದರೆ ನಾಯಕ ಮಣಿಕಟ್ಟು ಝಾಡಿಸಿ ಸಿಲಿಂಡರನ್ನು ಫಟ್ಟನೆ ಮುಚ್ಚುವುದು. ಸಿಲಿಂಡರನ್ನು ಹೊತ್ತ ತೋಳು ಇದರಿಂದ ಬಾಗುತ್ತದೆ, ಕೋಣೆ ಮತ್ತು ನಳಿಕೆ ಒಂದೇ ಸಾಲಿನಲ್ಲಿ ನಿಲ್ಲುವುದಿಲ್ಲ, ನಳಿಕೆಯೊಳಗೆ ಹೊಕ್ಕುವ ಗುಂಡಿನ ಒಂದು ಪಕ್ಕ ಕೆತ್ತಿಹೋಗುತ್ತದೆ. ಒಂದೇ ಬದಿ ಸವೆದ ಗುಂಡು ಪರೀಕ್ಷೆಗೆ ಬಂದಾಗ, ಕೋಣೆಯ ಸಾಲು ತಪ್ಪಿದ ರಿವಾಲ್ವರನ್ನು ಹುಡುಕಬೇಕೆಂದು ನಾವು ತಿಳಿಯುತ್ತೇವೆ.

ನಮ್ಮಲ್ಲಿ ಪರವಾನಗಿ ಪಡೆದವರ ಬಳಿ ಹೆಚ್ಚಾಗಿ ಕಾಣುವ, ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್ ಬೇರೆ ವಂಶಕ್ಕೆ ಸೇರಿದ್ದು. ಬ್ರಿಟನ್ನಿನ ವೆಬ್ಲಿ ಮಾದರಿಯ ಅದು ನಡುವಿನಲ್ಲಿ ಮಡಚಿ ತೆರೆಯುತ್ತದೆ, ತೆರೆದೊಡನೆ ಎಲ್ಲ ತೋಟಾಗಳೂ ಒಟ್ಟಿಗೆ ಮೇಲೇಳುತ್ತವೆ. ಅಮೆರಿಕನ್ ಚಿತ್ರಗಳ ಭಂಗಿಯನ್ನು ಅನುಕರಿಸಿ ಇಂಥ ಆಯುಧದ ಸಿಲಿಂಡರನ್ನು ಪಕ್ಕಕ್ಕೆ ತೆರೆಯುವಂತೆ ಕಥೆಯಲ್ಲಿ ಬರೆಯುವವರು ಒಮ್ಮೆ ಈ ವ್ಯತ್ಯಾಸವನ್ನು ಗಮನಿಸಬೇಕು.

ನ್ಯೂಯಾರ್ಕ್ ಪೊಲೀಸರು 1993ರಿಂದ 9 ಮಿ.ಮೀ. ಪಿಸ್ತೂಲಿಗೆ ಬದಲಾದರು; ರಿವಾಲ್ವರನ್ನೇ ಉಳಿಸಿಕೊಂಡಿದ್ದ ಹಿರಿಯ ಸಿಬ್ಬಂದಿಯೂ 2018ರಲ್ಲಿ ಅದನ್ನು ಬಿಡಬೇಕಾಯಿತು. 2010ರಲ್ಲಿ ಆರಂಭವಾದ ‘ದಿ ವಾಕಿಂಗ್ ಡೆಡ್’ ಸರಣಿಯಲ್ಲಿ ಜಾರ್ಜಿಯಾದ ಶೆರೀಫ್ ಕಚೇರಿಯ ಅಧಿಕಾರಿಯ ಕೈಗೆ ಕೋಲ್ಟ್ ‘ಪೈಥಾನ್’ ರಿವಾಲ್ವರ್ ಕೊಟ್ಟದ್ದು ಪಾತ್ರಕ್ಕಾಗಿ ಮಾಡಿದ ಆಯ್ಕೆ ಎಂದು ನಾನು ತಿಳಿಯುತ್ತೇನೆ, ಮತ್ತು ಅದನ್ನು ಒಪ್ಪುತ್ತೇನೆ. ಆದರೆ ಇಂದಿನ ನ್ಯೂಯಾರ್ಕ್ ಬೀದಿಯ ಕಥೆಯಲ್ಲಿ ಗಸ್ತಿನ ಪೊಲೀಸನ ಸೊಂಟಕ್ಕೆ ಮಾಡೆಲ್ 10 ಕಟ್ಟಿದರೆ ಅದು ನೇರವಾದ ತಪ್ಪು.