ಓಕ್ಯಾಮಲ್‌ನಲ್ಲಿ ಹೆಸರಿಲ್ಲದ ಫಂಕ್ಷನ್: ಭತ್ತದ ಚೀಲದ ಲೆಕ್ಕದಲ್ಲಿ

ನಮ್ಮ ಗಂಗಾವತಿ ಕಡೆ ಭತ್ತದ ಲೆಕ್ಕ ಅಂದರೆ 75 ಕೆಜಿ ಚೀಲ. ಓಕ್ಯಾಮಲ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಉದಾಹರಣೆಗೂ ಅದನ್ನೇ ಹಿಡಿಯೋಣ. ನಾಲ್ಕು ಚೀಲ ತೂಗಿದ್ದೇವೆ. 75ಕ್ಕೆ ಕಮ್ಮಿ ಇಲ್ಲದವು ಮಾತ್ರ ಬೇಕು. ಕೋಡನ್ನು ಓದಲು ಸುಲಭವಾಗಲಿ ಅಂತ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ, ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.

ಲಿಸ್ಟ್.ಫಿಲ್ಟರ್ (ಫನ್ ತೂಕ -> ತೂಕ >= 75) [75; 68; 77; 71]

ಉತ್ತರ [75; 77]. 'ಫನ್' ಇಂದ ಶುರುವಾಗುವ ಭಾಗವೇ ಹೆಸರಿಲ್ಲದ ಫಂಕ್ಷನ್. ಮಿಲ್ಲಿನಲ್ಲಿ ಜರಡಿ ಯಂತ್ರ ಒಂದೇ, ಒಳಗಿನ ಜಾಲರಿ ಬದಲಿಸುತ್ತೇವೆ ಅಲ್ವಾ? ಹಾಗೇ ಫಿಲ್ಟರ್ ಯಂತ್ರ, ನಾವು ಕೊಡುವ ಫಂಕ್ಷನ್ ಜಾಲರಿ.

ಈಗ ಫಿಲ್ಟರ್‌ನ ಟೈಪ್ ನೋಡಿ. ಅದು ಯಾವ ಬಗೆಯದ್ದನ್ನು ತೆಗೆದುಕೊಂಡು ಯಾವ ಬಗೆಯದ್ದನ್ನು ಕೊಡುತ್ತದೆ ಅನ್ನುವುದೇ ಟೈಪ್. 'ಎ ಅಂದರೆ ಯಾವ ಬಗೆಯಾದರೂ ಸರಿ, ಬೂಲ್ ಅಂದರೆ ಹೌದು ಅಥವಾ ಇಲ್ಲ:

('ಎ -> ಬೂಲ್) -> 'ಎ ಲಿಸ್ಟ್ -> 'ಎ ಲಿಸ್ಟ್

ನಾನು ಎರಡು ದಿನ ಸಿಕ್ಕಿಕೊಂಡಿದ್ದು ಆ ಮೊದಲ ಬ್ರಾಕೆಟ್‌ನಲ್ಲಿ. ಅದು ಸುಮ್ನೆ ಅಂದಕ್ಕೆ ಇಲ್ಲ. "ಮೊದಲು ಬರುವುದು ಒಂದು ಫಂಕ್ಷನ್" ಅಂತ ಹೇಳುವುದೇ ಅದು. ತೆಗೆದರೆ ಒಂದು 'ಎ, ಒಂದು ಬೂಲ್, ಒಂದು ಲಿಸ್ಟ್ ಹೀಗೆ ಮೂರು ಬೇಕು ಅಂತಾಗುತ್ತದೆ. ಯಾಕೆಂದರೆ ಬಾಣಗಳು ಬಲಗಡೆಯಿಂದ ಗುಂಪಾಗುತ್ತವೆ.

ತೂಕ ಇಂಟ್ (ಪೂರ್ಣಾಂಕ) ಅಂತ ನಾವು ಎಲ್ಲೂ ಬರೆದಿಲ್ಲ. 75ಕ್ಕೆ ಹೋಲಿಸಿದ್ದನ್ನು ನೋಡಿ ಕಂಪೈಲರ್ (ನಮ್ಮ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಪ್ರೋಗ್ರಾಂ) ತಾನೇ ತಿಳಿದುಕೊಳ್ಳುತ್ತದೆ. ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ 1978ರಲ್ಲಿ ವಿವರಿಸಿದ ವಿಧಾನ ಇದರ ಬೇರು. ಓಕ್ಯಾಮಲ್ ಅವರ ಎಂಎಲ್ ಭಾಷೆಯ ಮನೆತನದ್ದೇ. ಲಿಸ್ಟಿನಲ್ಲಿ 74.5 ಇಟ್ಟು ನೋಡಿ, ತಕ್ಷಣ ತಕರಾರು ಬರುತ್ತದೆ. ಫಂಕ್ಷನ್ನಿನಿಂದ ಇಂಟ್ ಅಂತ ಆಗಲೇ ಗೊತ್ತಾಗಿರುವುದರಿಂದ ತಪ್ಪು ಲಿಸ್ಟಿನ ಮೇಲೆ ಬೀಳುತ್ತದೆ.

ನನಗೆ ತುಂಬಾ ಮುಖ್ಯ ಅನಿಸಿದ್ದು ಇದು. ಹೋಲಿಕೆಯ ಬದಲು ಕೈತಪ್ಪಿ ತೂಕ - 75 ಅಂತ ಕಳೆಯುವ ಲೆಕ್ಕ ಬರೆದೆವು ಅನ್ನಿ. ಪೈಥಾನ್ ಅನ್ನುವ ಇನ್ನೊಂದು ಭಾಷೆಯ ಫಿಲ್ಟರ್ ಚಕಾರ ಎತ್ತುವುದಿಲ್ಲ. ಸೊನ್ನೆಯನ್ನು "ಇಲ್ಲ" ಅಂತಲೂ, ಬೇರೆ ಸಂಖ್ಯೆಗಳನ್ನು "ಹೌದು" ಅಂತಲೂ ಓದುತ್ತದೆ. ಸರಿಯಾಗಿ 75 ಇದ್ದ ಚೀಲ ಹೊರಗೆ, 68 ಇದ್ದದ್ದು ಒಳಗೆ! ಓಕ್ಯಾಮಲ್ ಅದನ್ನು ಓಡಿಸುವುದೇ ಇಲ್ಲ. ಬೂಲ್ ಬೇಕಿದ್ದ ಕಡೆ ಇಂಟ್ ಇದೆ ಅಂತ ಆ ಜಾಗವನ್ನೇ ತೋರಿಸುತ್ತದೆ.

ತೂಕ - 75 ಅನ್ನುವ ಆ ಫಂಕ್ಷನ್ ಕೆಟ್ಟದ್ದೇನಲ್ಲ. ಲಿಸ್ಟಿನ ಪ್ರತಿಯೊಂದಕ್ಕೂ ಫಂಕ್ಷನ್ ಹಚ್ಚಿ ಬಂದ ಉತ್ತರಗಳ ಲಿಸ್ಟ್ ಕೊಡುವುದು ಲಿಸ್ಟ್.ಮ್ಯಾಪ್. ಲಿಸ್ಟ್.ಮ್ಯಾಪ್‌ನ ಟೈಪ್ ('ಎ -> 'ಬಿ) -> 'ಎ ಲಿಸ್ಟ್ -> 'ಬಿ ಲಿಸ್ಟ್. ಅಲ್ಲಿ ಬೂಲ್ ಬೇಕೆಂಬ ಹಟವಿಲ್ಲ. ಅದೇ ಫಂಕ್ಷನ್ ಕೊಟ್ಟರೆ [0; -7; 2; -4] ಬರುತ್ತದೆ. ಯಾವ ಚೀಲದಲ್ಲಿ ಎಷ್ಟು ಕಮ್ಮಿ, ಎಷ್ಟು ಜಾಸ್ತಿ ಅನ್ನುವ ಲೆಕ್ಕ ಅದು.