ಕುಂಡ ತೂಗುಹಾಕುವ ಕೊಕ್ಕೆ: ಗೋಡೆಗೆ ಸಾಕಾದದ್ದು ಚಾವಣಿಗೆ ಸಾಲದು

ಪ್ರಶ್ನೆ: ಕಿಟಕಿಯ ಹತ್ತಿರ ಎರಡು ಮೂರು ಗಿಡಗಳನ್ನು ಚಾವಣಿಯಿಂದ ತೂಗುಹಾಕಬೇಕೆಂದಿದ್ದೇನೆ. ಗೋಡೆಯ ಪಟಗಳಿಗೆ ಬಳಸಿದ ಪ್ಲಾಸ್ಟಿಕ್ ಪ್ಲಗ್ಗು ಮತ್ತು ಸ್ಕ್ರೂ ಕೊಕ್ಕೆ ಮನೆಯಲ್ಲಿ ಉಳಿದಿವೆ. ಅವೇ ಸಾಕೇ?

ಉತ್ತರ: ಸಾಲುವುದಿಲ್ಲ. ಗೋಡೆಯ ಮೇಲಿನ ಪಟ ತನ್ನ ಭಾರದಿಂದ ಸ್ಕ್ರೂವನ್ನು ಕೆಳಕ್ಕೆ ಒತ್ತುತ್ತದೆ. ತೂತಿನ ಕೆಳ ಅಂಚು ಆ ಭಾರವನ್ನು ಹೊರುತ್ತದೆ. ಚಾವಣಿಯಲ್ಲಿ ಹೊರಲು ಅಂಥ ಅಂಚೇ ಇಲ್ಲ. ಕುಂಡ ಹಗಲೂ ರಾತ್ರಿ ಸ್ಕ್ರೂವನ್ನು ತೂತಿನಿಂದ ನೇರವಾಗಿ ಹೊರಕ್ಕೆ ಎಳೆಯುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಪ್ಲಗ್ಗಿನ ಬಿಗಿತವೊಂದೇ ಅದನ್ನು ತಡೆಯಬೇಕು. ನಾನು ಹೀಗೆ ಹಾಕಿದ್ದ ಒಂದು ಕುಂಡ ಎರಡು ತಿಂಗಳು ಅಲುಗದೆ ನಿಂತಿತ್ತು. ಒಂದು ಬೆಳಿಗ್ಗೆ ನೀರು ಹಾಕಿ ತಿರುಗುವಷ್ಟರಲ್ಲಿ ಪ್ಲಗ್ಗಿನ ಸಮೇತ ನೆಲಕ್ಕೆ ಬಿತ್ತು. ಕೆಳಗೆ ಯಾರೂ ಇರಲಿಲ್ಲ ಎಂಬುದನ್ನು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಆದ್ದರಿಂದ ಕೊಕ್ಕೆ ಆರಿಸುವ ಮೊದಲು ಕುಂಡದ ತೂಕ ನೋಡಿ. ಒಣಗಿದ್ದಾಗ ತೂಗಿದರೆ ಪ್ರಯೋಜನವಿಲ್ಲ. ತಳದಿಂದ ನೀರು ಸೋರುವವರೆಗೆ ಹನಿಸಿ, ತಟ್ಟೆ, ಸರಪಳಿ ಎಲ್ಲ ಸೇರಿಸಿ ತೂಗಬೇಕು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಬಾಯಿ 25 ಸೆಂ.ಮೀ. ಅಗಲ, 20 ಸೆಂ.ಮೀ. ಎತ್ತರ ಇರುವ ಕುಂಡದಲ್ಲಿ ಸುಮಾರು 7 ಲೀಟರ್‌ನಷ್ಟು ಮಣ್ಣು ಹಿಡಿಯುತ್ತದೆ. ತೋಟದ ಮಣ್ಣನ್ನೇ ತುಂಬಿದರೆ ನೆಂದಾಗ ಹತ್ತು ಕಿಲೋ ದಾಟುವುದು ಕಷ್ಟವಲ್ಲ. ತೆಂಗಿನ ನಾರಿನ ಪುಡಿ, ಪರ್ಲೈಟ್ ಎಂಬ ಹಗುರವಾದ ಬಿಳಿ ಹರಳು ಬೆರೆಸಿದ ಹಗುರ ಮಿಶ್ರಣವಾದರೆ ಭಾರ ಎಷ್ಟೋ ಇಳಿಯುತ್ತದೆ. ತೂಗುವ ಕುಂಡಗಳಿಗೆ ಅದೇ ಸರಿ. ಬಂದ ತೂಕದ ನಾಲ್ಕು ಪಟ್ಟನ್ನಾದರೂ ತಾಳುವ ಕೊಕ್ಕೆ ತನ್ನಿ. ಪೊಟ್ಟಣದ ಮೇಲಿನ ಅಂಕಿ ಗೋಡೆಗೋ ಚಾವಣಿಗೋ, ಕಾಂಕ್ರೀಟಿಗೋ ಇಟ್ಟಿಗೆಗೋ ಎಂದು ಓದಿ ನೋಡಿ. ಒಂದೇ ಪ್ಲಗ್ಗಿಗೆ ಈ ಲೆಕ್ಕಗಳು ಬೇರೆ ಬೇರೆ ಇರುತ್ತವೆ.

ಮುಂದಿನದು ನಿಮ್ಮ ಚಾವಣಿ ಯಾವುದು ಎಂಬುದನ್ನು ಅವಲಂಬಿಸಿದೆ. ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಕಲ್ಲಿನಂಥ ಮೊಂಡು ಸದ್ದು ಬಂದರೆ ಕಾಂಕ್ರೀಟ್. ಇದಕ್ಕೆ ಲೋಹದ ಆ್ಯಂಕರ್ ಬೋಲ್ಟ್ ಒಳ್ಳೆಯದು. ಬಿಗಿಗೊಳಿಸಿದಂತೆ ಇದರ ಹೊರಗಿನ ಕೊಳವೆ ಅರಳಿ ತೂತಿನ ಗೋಡೆಯನ್ನು ಒತ್ತಿ ಹಿಡಿಯುತ್ತದೆ. ಆದರೆ ಆ ಹಿಡಿತ ಗಾರೆಯ ಮೇಲಲ್ಲ, ಕಾಂಕ್ರೀಟಿನ ಮೇಲೆ ಬೀಳಬೇಕು. ಬಹಳ ಜನ ಎಡವುವುದು ಇಲ್ಲಿಯೇ. ಚಾವಣಿಯ ಗಾರೆ ಒಂದು ಸೆಂಟಿಮೀಟರಿನಷ್ಟಿರಬಹುದು. ಅದನ್ನು ಕಳೆದು ಕೊಳವೆ ಪೂರ್ತಿ ಕಾಂಕ್ರೀಟಿನೊಳಗೆ ಕೂರುವಷ್ಟು ಆಳಕ್ಕೆ ಹ್ಯಾಮರ್ ಡ್ರಿಲ್ಲಿನಿಂದ ಕೊರೆಯಿರಿ. ಡ್ರಿಲ್ಲಿನ ಬಿಟ್ಟಿನ (ಕೊರೆಯುವ ಮೊನೆಯ) ಮೇಲೆ ಟೇಪು ಸುತ್ತಿಕೊಂಡರೆ ಆಳದ ಗುರುತು ಸಿಗುತ್ತದೆ. ಬಿಟ್ಟಿನ ಅಳತೆ ಪೊಟ್ಟಣ ಹೇಳಿದಷ್ಟೇ ಇರಲಿ, ಒಂದು ಮಿಲಿಮೀಟರ್ ಹೆಚ್ಚಾದರೂ ಹಿಡಿತ ಹೋಗುತ್ತದೆ. ಕೊರೆದ ಮೇಲೆ ಒಳಗಿನ ಪುಡಿಯನ್ನು ಬ್ರಷ್ಷಿನಿಂದ ತೆಗೆಯಿರಿ. ಕೊರೆಯುವಾಗ ನಡುವೆ ಡ್ರಿಲ್ಲಿನ ಮೊನೆ ಮುಂದೆ ಹೋಗದೆ ಲೋಹದ ಸದ್ದು ಬಂದರೆ ಕಬ್ಬಿಣದ ಕಂಬಿ ಸಿಕ್ಕಿದೆ ಎಂದರ್ಥ. ಅದನ್ನು ಕಡಿಯಲು ಹೋಗಬೇಡಿ, ಜಾಗ ಬದಲಿಸಿ.

ದೀಪ, ಫ್ಯಾನುಗಳಿಗೆ ಹೋಗುವ ವಿದ್ಯುತ್ ಪೈಪು ಸ್ಲ್ಯಾಬಿನ ಒಳಗೇ ಹುದುಗಿರಬಹುದು. ಅವುಗಳ ಹತ್ತಿರ ಮತ್ತು ಅವುಗಳಿಂದ ಸ್ವಿಚ್ಚಿನತ್ತ ಸಾಗುವ ಗೆರೆಯಲ್ಲಿ ಕೊರೆಯುವುದು ಬೇಡ. ಕೆಲವು ಬಹುಮಹಡಿ ಕಟ್ಟಡಗಳ ಸ್ಲ್ಯಾಬಿನಲ್ಲಿ ಬಿಗಿದೆಳೆದ ಉಕ್ಕಿನ ಕೇಬಲ್‌ಗಳಿರುತ್ತವೆ. ಅಲ್ಲಿ ಕಟ್ಟಡ ನೋಡಿಕೊಳ್ಳುವವರನ್ನು ಕೇಳದೆ ಡ್ರಿಲ್ ಮುಟ್ಟಲೇಬಾರದು. ತಟ್ಟಿದಾಗ ಕಾಂಕ್ರೀಟಿನ ಒಂದು ಭಾಗ ಮಾತ್ರ ಪೊಳ್ಳು ಸದ್ದು ಮಾಡಿದರೆ ಗಾರೆ ಬಿಟ್ಟಿರಬಹುದು, ಆ ಜಾಗವೂ ಬೇಡ. ತಲೆಯ ಮೇಲೆ ಕೊರೆಯುವ ಕೆಲಸವಾದ್ದರಿಂದ ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಇರಲೇಬೇಕು.

ಎಲ್ಲೆಡೆ ಡೋಲಿನಂಥ ಸದ್ದು ಬಂದರೆ ಅದು ಜಿಪ್ಸಮ್ ಹಲಗೆಯ ಫಾಲ್ಸ್ ಸೀಲಿಂಗ್. ಹಲಗೆಯ ಹಿಂದೆ ರೆಕ್ಕೆ ಬಿಚ್ಚಿ ನಿಲ್ಲುವ ಟಾಗಲ್ ಬೋಲ್ಟ್ ಇದಕ್ಕೆಂದೇ ಸಿಗುತ್ತದೆ, ಅಂಗೈಯಗಲದ ಪುಟ್ಟ ಕುಂಡಕ್ಕೆ ಸಾಕೂ ಆಗುತ್ತದೆ. ದೊಡ್ಡ ಕುಂಡಕ್ಕೆ ನಾನು ಅದನ್ನು ಒಪ್ಪುವುದಿಲ್ಲ. ಬೋಲ್ಟ್ ಗಟ್ಟಿಯಾಗಿದ್ದರೂ ಹಲಗೆಯೇ ಹರಿದು ಬರಬಹುದು. ಹಲಗೆಯಲ್ಲಿ ತೂತು ಮಾಡಿ, ಮೇಲಿನ ಸ್ಲ್ಯಾಬಿಗೋ ತೊಲೆಗೋ ಬಿಗಿದ ಉದ್ದ ಸರಳಿನಿಂದ ಭಾರವನ್ನು ಇಳಿಬಿಡುವುದೇ ಸರಿಯಾದ ದಾರಿ.

ಮರದ ತೊಲೆಯಿದ್ದವರ ಕೆಲಸ ಸುಲಭ. ತಿರುಪಿರುವ ಕೊಕ್ಕೆಗಿಂತ ಸಣ್ಣ ಬಿಟ್ಟಿನಿಂದ ಮೊದಲು ಕೊರೆದು, ತಿರುಪಿನ ಸುತ್ತುಗಳೆಲ್ಲ ಮರದೊಳಗೆ ಮುಳುಗುವವರೆಗೆ ತಿರುಗಿಸಿ. ಗೆದ್ದಲು ಹಿಡಿದ ತೊಲೆಯಂತೂ ಬೇಡ. ಅಂಟು ಹಚ್ಚುವ ಕೊಕ್ಕೆಗಳನ್ನು ಚಾವಣಿಗೆ ಯೋಚಿಸಲೂ ಬೇಡಿ.

ಕೊಕ್ಕೆಯ ಬಾಯಿ ತೆರೆದಿರುವುದಕ್ಕಿಂತ ಪೂರ್ತಿ ಮುಚ್ಚಿದ ಬಳೆ ವಾಸಿ. ಭಾರಕ್ಕೆ ಬಾಯಿ ಬಿಡುವುದಿಲ್ಲ, ಗಾಳಿಗೆ ಕುಂಡ ಜಿಗಿದು ಕಳಚುವುದಿಲ್ಲ. ನಡುವೆ ತಿರುಗುವ ಕೊಂಡಿಯೊಂದನ್ನು ಸೇರಿಸಿದರೆ ವಾರಕ್ಕೊಮ್ಮೆ ಕುಂಡವನ್ನು ಕಾಲು ಸುತ್ತು ತಿರುಗಿಸಿ ಗಿಡದ ಎಲ್ಲ ಮಗ್ಗುಲಿಗೂ ಬೆಳಕು ಕಾಣಿಸಬಹುದು. ನನಗೆ ಇದು ಬಲು ಪ್ರಿಯವಾದ ಸೌಕರ್ಯ. ತೇವ ತಾಗುವ ಜಾಗವಾದ್ದರಿಂದ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸತು ಲೇಪಿಸಿದ ಲೋಹ ಇರಲಿ. ಸೆಣಬಿನ ಹಗ್ಗ ನೋಡಲು ಚೆಂದ, ಆದರೆ ನೀರು ಕುಡಿದು ಒಳಗಿನಿಂದ ಕೊಳೆಯುತ್ತದೆ.

ಎಲ್ಲ ಬಿಗಿದ ಮೇಲೆ ಕುಂಡವನ್ನು ತಕ್ಷಣ ತೂಗುಹಾಕಬೇಡಿ. ಬಳೆಯ ಬುಡ ಚಾವಣಿಗೆ ಸೇರುವಲ್ಲಿ ಪೆನ್ಸಿಲ್ಲಿನಿಂದ ಗುರುತು ಹಾಕಿ. ಕುಂಡದ ಎರಡರಷ್ಟು ತೂಕದ ನೀರಿನ ಬಕೆಟ್ಟನ್ನು ನೆಲದಿಂದ ಗೇಣೆತ್ತರದಲ್ಲಿ ಒಂದು ದಿನ ನೇತುಬಿಡಿ. ಮರುದಿನ ಬುಡ ಗುರುತಿನಿಂದ ಕೂದಲೆಳೆಯಷ್ಟು ಕೆಳಗೆ ಸರಿದಿದ್ದರೂ ಆ ತೂತನ್ನು ಮುಚ್ಚಿ, ಗೇಣಿನಷ್ಟು ದೂರದಲ್ಲಿ ಹೊಸದಾಗಿ ಕೊರೆಯಿರಿ.